ಪರದೆಗೆ ಕಾವಲು

ಏಪ್ರಿಲ್ 6, ಭಾನುವಾರ

ಬಂದು ಬಿದ್ದೆವು. ದೊಡ್ಡವರು ಮೂವರು, ಮಗು ಒಂದು. ಸಾಮಾನಿನಲ್ಲಿ ಮುಕ್ಕಾಲು ಪಾಲು ಆ ಒಂದರದ್ದು. ನೀರು ಕಾಯಿಸುವ ಕೆಟಲ್, ಬಟ್ಟಲು ಕುದಿಸುವ ಪಾತ್ರೆ, ಎರಡು ಥರ್ಮಾಮೀಟರು (ಒಂದು ಸುಳ್ಳು ಹೇಳಿದರೆ ಇನ್ನೊಂದು ಸಾಕ್ಷಿಗೆ ಬೇಕಲ್ಲ). ಲಾಡ್ಜಿನಾಕೆ ಮೂಟೆಗಳನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ವರ್ಷ ಇರ್ತೀರಿ?" ಎಂದಳು. ಎರಡು ವಾರ ಎಂದೆ. ನಂಬಿದಂತೆ ಕಾಣಲಿಲ್ಲ.

ಇದು ಓದಿನ ಊರು. ಎತ್ತ ಕಲ್ಲೆಸೆದರೂ ಒಬ್ಬ ಪ್ರೊಫೆಸರಿಗೆ ತಗಲುತ್ತದೆ. ಶತಮಾನಗಳಿಂದ ಹತ್ತಿ ಇಳಿದು ಕಾಲೇಜಿನ ಕಲ್ಲು ಮೆಟ್ಟಿಲುಗಳು ನಡುವೆ ಬೋಗುಣಿಯ ಹಾಗೆ ಸವೆದಿವೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದ ಮಹಾನುಭಾವ ಇಲ್ಲಿಗೆ ಬಂದಿದ್ದರೆ ಗೇಟಿನಲ್ಲೇ ತಡೆಯುತ್ತಿದ್ದರು.

ಆದರೆ ನಾವು ಊರು ನೋಡಲು ಬಂದವರಲ್ಲ. 'ಈ ಪ್ರಾಚೀನ ನಗರವನ್ನು ನೆಲೆಯಾಗಿಸಿಕೊಂಡು ಸುತ್ತಲಿನ ಹಳ್ಳಿಗಾಡನ್ನು ಸವಿಯಿರಿ' ಎಂದು ಪ್ರವಾಸದ ಕರಪತ್ರ ಹೇಳುತ್ತದೆ. ಸವಿಯಬೇಕಾದವಳು ನಾನೊಬ್ಬಳೇ. ಡಾಕ್ಟರಮ್ಮನ ಆಜ್ಞೆ. ಹತ್ತು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವಳು ಹಗಲೆಲ್ಲ ಮಗುವಿನಿಂದ ದೂರ ಇದ್ದು, ಗಾಳಿ ಬೆಳಕಿನಲ್ಲಿ ನಡೆದು, ದಣಿದು ಬರಬೇಕಂತೆ. ದಿನಾ ಬೆಳಿಗ್ಗೆ ನಾನು ಬಸ್ಸು ಹತ್ತಿ ಹೋಗುವುದು, ಸಂಜೆ ಬರುವುದು. ಅಷ್ಟರವರೆಗೆ ಮಗು ಗಂಡನ ಮತ್ತು ಅತ್ತೆಯ ಪಾಲು.

ಇದು ಪರೀಕ್ಷೆ ಎಂದು ನನಗೂ ಗೊತ್ತು. ಇಪ್ಪತ್ತೊಂದರ ಸೋಮವಾರ ನಾನು ಕೆಲಸಕ್ಕೆ ಮರಳಬೇಕು. ನೀರು ಪರೀಕ್ಷಿಸುವ ಲ್ಯಾಬು ನಮ್ಮದು. ಊರವರು ಕುಡಿಯುವ ನೀರಿಗೆ ಪಾಸು ಫೇಲು ಹಾಕುವವಳು ನಾನು. "ಶನಿವಾರ ಫೋನ್ ಮಾಡಿ ಬರ್ತೀಯೋ ಇಲ್ವೋ ಒಂದೇ ಮಾತು ಹೇಳು. ಇಲ್ಲ ಅಂದ್ರೆ ಕಾಯ್ತಾ ಇರೋಳನ್ನ ತಗೋತೀನಿ" ಎಂದಿದ್ದಾರೆ ಮೇಡಂ. ಮಗುವೋ, ನನ್ನ ಕೈಯಿಂದಲ್ಲದೆ ಬಟ್ಟಲಿಗೆ ಬಾಯಿ ತೆರೆಯುವುದಿಲ್ಲ. ನಾನೋ, ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡದೆ ತಲೆ ಬಾಚುವುದಿಲ್ಲ.

ನಿಯಮಗಳನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದೇನೆ. ಮಗು ಕೋಣೆ ಬಿಟ್ಟು ಹೊರಗೆ ಹೋಗಬಾರದು. ಬಿಸಿಲು, ಧೂಳು, ಪ್ರಾಣಿ, ಕುದಿಸದ ನೀರು, ಯಾವುದೂ ಕೂಡದು. ನಿದ್ದೆ ಹೋದರೆ ಪರದೆ ಎಳೆಯಬೇಕು.

"ಉಸಿರಾಡಬಹುದಾ?" ಎಂದು ಕೇಳಿದರು ಅತ್ತೆ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಟೋಪಿ, ಚೀಲ, ನೀರಿನ ಬಾಟಲಿ ಹಿಡಿದು ದಂಡಯಾತ್ರೆಗೆ ಹೊರಟವಳಂತೆ ಇಳಿದೆ. ಗಂಡ ಕಿಟಕಿಯಿಂದ ಮಗುವಿನ ಕೈ ಹಿಡಿದು ಆಡಿಸಿದ. ಅವಳಿಗೆ ಅತ್ತೆ ಇಟ್ಟ ಹೆಸರು ಮೆಣಸು. ಗಾತ್ರ ಸಣ್ಣದು, ಘಾಟು ಮನೆ ತುಂಬ.

ನಾನು ಎದುರಿನ ಚೌಕದವರೆಗೆ ಹೋದೆ. ಕಾಲೇಜಿನ ದೊಡ್ಡ ಗೇಟಿನ ಮುಂದೆ, ಮರದ ಕೆಳಗೆ ಒಂದು ಬೆಂಚಿದೆ. ಅಲ್ಲಿ ಕೂತರೆ ಲಾಡ್ಜಿನ ಎರಡನೇ ಮಹಡಿಯ ನಮ್ಮ ಕಿಟಕಿ ನೆಟ್ಟಗೆ ಕಾಣುತ್ತದೆ. ಒಂದು ನಿಮಿಷ ಕೂರೋಣ ಎಂದುಕೊಂಡೆ. ಸಂಜೆಯವರೆಗೆ ಕೂತೆ.

ಸ್ವಲ್ಪ ಹೊತ್ತಿಗೇ ಪರದೆ ಎಳೆದರು. ಮಲಗಿದ್ದಾಳೆ ಎಂದು ಸಮಾಧಾನವಾಯಿತು. ಬಹಳ ಹೊತ್ತು ತೆಗೆಯಲೇ ಇಲ್ಲ. ಇಷ್ಟು ಹೊತ್ತು ಮಲಗುವವಳೇ ಅಲ್ಲ ಎಂದು ಗಾಬರಿಯಾಯಿತು. ಓಡಿಹೋಗಿ ನೋಡೋಣವೆಂದರೆ ನಾನು ಹಳ್ಳಿಯಲ್ಲಿದ್ದೇನಲ್ಲ!

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಮುದಿ ಪ್ರೊಫೆಸರು ಬಂದು ಕೂತರು, ಕೂತ ತಕ್ಷಣ ನಿದ್ದೆಹೋದರು. ಹೊಟ್ಟೆಕಿಚ್ಚಿನಿಂದ ನೋಡಿದೆ. ಎದ್ದ ಮೇಲೆ ಕೇಳಿದರು:

"ಏನಮ್ಮಾ ನೋಡ್ತಾ ಇದೀಯಾ ಅಷ್ಟೊತ್ತಿಂದ?"

"ನನ್ನ ಮಗೂನ ಸಾರ್. ಆ ಕಿಟಕೀಲಿ."

"ಕಾಣ್ತಾ ಇಲ್ವಲ್ಲ?"

"ಪರದೆ ಹಿಂದೆ ಇದಾಳೆ."

"ಓಹೋ. ನಾನು ತತ್ವಶಾಸ್ತ್ರದ ಮೇಷ್ಟ್ರು. ಕಾಣದೇ ಇರೋದನ್ನ ಜೀವನ ಪೂರ್ತಿ ಹೀಗೇ ನೋಡ್ದೆ. ನಂಗೆ ಸಂಬಳ ಕೊಡ್ತಿದ್ರು."

ಇವರಿಗೆ ನಿದ್ದೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಸುತ್ತಲ ಹಳ್ಳಿಗಳಲ್ಲಿ ಏನೇನಿದೆ ಎಂದು ಕೇಳಿದೆ. ಸಂಜೆ ವರದಿ ಒಪ್ಪಿಸಬೇಕಲ್ಲ. ನದಿ, ಮರದ ಸೇತುವೆ, ನೀರಿನಿಂದ ತಿರುಗುವ ಗಿರಣಿ, ಬಾತುಕೋಳಿ. ಎಲ್ಲ ಹೇಳಿದರು. ಊಟದ ಹೊತ್ತಿಗೆ ಅಷ್ಟನ್ನೂ ನಾನೇ ಕಂಡವಳಂತೆ ಬಡಿಸಿದೆ. ಗಂಡನಿಗೆ ಬಲು ಸಂತೋಷ. ಅವನದು ಕನ್ನಡಕದ ಅಂಗಡಿ. ಊರವರ ಕಣ್ಣೆಲ್ಲ ಸರಿಮಾಡುತ್ತಾನೆ, ಹೆಂಡತಿಯ ಮುಖದ ಮೇಲೆ ಬರೆದ ಸುಳ್ಳು ಮಾತ್ರ ಓದಲು ಬಾರದು.

ಏಪ್ರಿಲ್ 8, ಮಂಗಳವಾರ

ಮತ್ತೆ ಬೆಂಚು.

ಅತ್ತೆ ಇವತ್ತು ಊಟದ ಹೊತ್ತಿಗೆ ಪ್ರಶ್ನೆ ಶುರುಮಾಡಿದರು. ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಬರುವಿಕೆ ಹೋಗುವಿಕೆ ಕೂಗುತ್ತಿದ್ದವರು. ನಿವೃತ್ತಿಯಾಗಿದ್ದು ಮೈಕಿಗೆ, ಗಂಟಲಿಗಲ್ಲ.

"ಆ ಮರದ ಸೇತುವೆ ದಾಟಿದ್ಯೇನೇ?"

"ದಾಟಿದೆ ಅತ್ತೆ. ಎರಡು ಸಲ."

"ಒದ್ದೆ ಆಗ್ಲಿಲ್ವಾ?"

"ಸೇತುವೆ ಮೇಲೆ ಯಾಕೆ ಒದ್ದೆ ಆಗುತ್ತೆ?"

"ಅದೂ ನಿಜವೇ" ಎಂದರು. ಗಂಡನಿಗೆ ಅನ್ನ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಎದ್ದುಹೋದ. ನಾನು ಸಾವಿರ ಸಲ ಹೇಳಿದ್ದೇನೆ, ಮಗುವಿನ ಹತ್ತಿರ ಕೆಮ್ಮಬೇಡ ಎಂದು.

ಮೆಣಸಿನ ಸಾಕ್ಸಿನಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡಿತ್ತು. ಈ ಲಾಡ್ಜಿನ ಹಾಸಿಗೆಯಲ್ಲಿ ಏನು ತುಂಬಿದ್ದಾರೋ ಪರಮಾತ್ಮನಿಗೇ ಗೊತ್ತು. ಲಾಡ್ಜಿನಾಕೆಯನ್ನು ಕರೆದು ದಬಾಯಿಸಿದೆ. ಆಕೆ ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, "ಹತ್ತಿ ಕಣಮ್ಮಾ, ಶುದ್ಧ ಹತ್ತಿ" ಎಂದು ಹೋದಳು.

ಏಪ್ರಿಲ್ 9, ಬುಧವಾರ

ಬೆಂಚಿನ ಮೇಲೆ ಸ್ವಲ್ಪ ಕಣ್ಣು ಮುಚ್ಚಿದ್ದೆ. ನಿದ್ದೆಯಲ್ಲ, ಕಣ್ಣಿಗೆ ವಿಶ್ರಾಂತಿ. ತೆರೆದಾಗ ಪ್ರವಾಸಿಗರ ಗುಂಪೊಂದು ನನ್ನ ಮತ್ತು ನಿದ್ದೆ ಮೇಷ್ಟ್ರ ಫೋಟೋ ತೆಗೆಯುತ್ತಿತ್ತು. ಇಲ್ಲಿನ ವಿದ್ವಾಂಸರು ಹೀಗೆಯೇ ಚಿಂತನೆಯಲ್ಲಿ ಮುಳುಗಿರುತ್ತಾರೆ ಎಂದು ಗೈಡು ವಿವರಿಸುತ್ತಿದ್ದ. ಜೊಲ್ಲು ಒರೆಸಿಕೊಂಡೆ.

ಏಪ್ರಿಲ್ 11, ಶುಕ್ರವಾರ

ಮಗುವಿನ ಮೂಗಿನ ತುದಿ ಕೆಂಪಾಗಿದೆ. ಸೋಪು ಒಗ್ಗಿಲ್ಲವೇ? ಲಾಡ್ಜಿನ ಟವೆಲ್ಲೇ? ಹಗಲೆಲ್ಲ ಪರದೆ ಮುಚ್ಚಿ ಕತ್ತಲಲ್ಲಿಟ್ಟರೂ ಮೂಗು ಕೆಂಪಾಗುವುದಾದರೆ ಅದು ಗಂಭೀರವೇ ಇರಬೇಕು. ಎರಡೂ ಥರ್ಮಾಮೀಟರು ಇಟ್ಟೆ. ಜ್ವರವಿಲ್ಲ. ಇಬ್ಬರೂ ಸಾಕ್ಷಿಗಳು ಒಂದೇ ಮಾತು ಹೇಳಿದರೆ ನನಗೆ ಇನ್ನಷ್ಟು ಅನುಮಾನ.

ಜೊತೆಗೆ ಹೊಸ ಚಾಳಿ: ಬಾಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸುತ್ತಾಳೆ, ಕಣ್ಣು ಅರೆ ಮುಚ್ಚಿಕೊಂಡು, ಭಾರಿ ಗಾಂಭೀರ್ಯದಿಂದ. ಹಲ್ಲು ಬರುತ್ತಿರಬೇಕು. ಗಂಡನಿಗೆ ತೋರಿಸಿದೆ. ಅವನು ಮುಖವನ್ನು ದಿಂಬಿಗೆ ಒತ್ತಿಕೊಂಡು ಮಲಗಿಬಿಟ್ಟ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೇನೋ, ಪಾಪ. ಇಡೀ ದಿನ ಮಗು ನೋಡಿಕೊಳ್ಳುವುದು ಹುಡುಗಾಟವಲ್ಲ.

ಮುಚ್ಚಿದ ಬಾಗಿಲಿನಾಚೆ ಅತ್ತೆಯ ಪಿಸುಮಾತು ಕೇಳಿಸಿತು. ಅತ್ತೆಯ ಪಿಸುಮಾತೆಂದರೆ ಮೂರನೇ ಪ್ಲಾಟ್‌ಫಾರ್ಮಿಗೂ ಕೇಳಬೇಕು. "ಸಾಕ್ಸ್ ಜಾಡಿಸೋ ಅಂದ್ರೆ ಜಾಡಿಸಲ್ಲ ನೀನು!" ಅಂತೂ ಮಗನಿಗೆ ಶುಚಿತ್ವ ಕಲಿಸುತ್ತಿದ್ದಾರೆ. ಒಳ್ಳೆಯದು.

ಏಪ್ರಿಲ್ 13, ಭಾನುವಾರ

ಮೆಣಸು ಸಂಜೆ ಬೇಗ ಮಲಗಿದಳು. ನಿನ್ನೆಯೂ. ನನಗೆ ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಗಂಡನ ಮೇಲೆ ಮಾಡಿಕೊಂಡೆ, ಹತ್ತಿರ ಇದ್ದವನು ಅವನೇ.

ಏಪ್ರಿಲ್ 14, ಸೋಮವಾರ

ಮಧ್ಯಾಹ್ನ ಎದ್ದು ಚೌಕ ಸುತ್ತಿದೆ. ಕಾಲು ಜೋಮು ಹಿಡಿದಿತ್ತು, ಅದಕ್ಕೆ. ಗೇಟಿನೊಳಗೆ ಸಂಸ್ಥಾಪಕನ ಕಂಚಿನ ಪ್ರತಿಮೆ ಇದೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಅವನ ಕಾಲಿನ ಹೆಬ್ಬೆರಳು ಉಜ್ಜುತ್ತಾರಂತೆ. ಮೈಯೆಲ್ಲ ಹಸಿರು ಕಿಲುಬು, ಹೆಬ್ಬೆರಳು ಮಾತ್ರ ಚಿನ್ನ. ಇಷ್ಟು ಓದಿದವರ ಊರಿನಲ್ಲಿ ಕೊನೆಗೂ ನಂಬಿಕೆ ಬೆರಳಿನ ಮೇಲೆ. ಆ ಬೆರಳಿನ ಮೇಲೆ ಎಷ್ಟು ಜಾತಿಯ ಸೂಕ್ಷ್ಮಜೀವಿಗಳಿರಬಹುದೋ! ಬೇರೆ ತಾಯಂದಿರು ಹೆಸರಿಲ್ಲದ ಭಯಕ್ಕೆ ಬೆದರುತ್ತಾರೆ; ನನಗೆ ಒಂದೊಂದರ ಕುಲಗೋತ್ರವೂ ಗೊತ್ತು, ಒಂದೊಂದಾಗಿ ಬೆದರುತ್ತೇನೆ. ಹಾಗೆಂದುಕೊಳ್ಳುತ್ತಲೇ ನಾನೂ ಒಂದು ಸಲ ಉಜ್ಜಿದೆ. ಶನಿವಾರ ಹತ್ತಿರ ಬಂತಲ್ಲ.

ಬೆಂಚಿಗೆ ಮರಳಿದಾಗ ನೆನಪಾಯಿತು, ಅಷ್ಟು ಹೊತ್ತೂ ಕಿಟಕಿ ನೋಡಿರಲಿಲ್ಲ. ತಟ್ಟನೆ ತಲೆಯೆತ್ತಿದೆ. ಪರದೆ ಇದ್ದ ಹಾಗೇ ಇತ್ತು.

ಏಪ್ರಿಲ್ 15, ಮಂಗಳವಾರ

ಮಾನ ಹರಾಜು.

ಊಟದ ಹೊತ್ತಿನಲ್ಲಿ ಗಂಡ ಹೇಳಿದ: "ಶನಿವಾರ ಕೊನೇ ದಿನ ಅಲ್ವಾ, ಎಲ್ಲರೂ ಒಟ್ಟಿಗೆ ಹೋಗೋಣ. ಮೆಣಸು ಒಂದು ದಿನ ಗಾಳಿ ಕುಡಿದ್ರೆ ಸಾಯಲ್ಲ. ಆ ಗಿರಣಿ ನೀನೇ ತೋರ್ಸು."

"ಹೌದೇ, ನಂಗೂ ಆ ಗಿರಣಿ ನೋಡ್ಬೇಕು" ಎಂದರು ಅತ್ತೆ. "ಎಲ್ಲಿಂದ ಬಸ್ಸು ಹತ್ತೀಯಾ ನೀನು?"

"ಮುಂದುಗಡೆ... ಗೇಟಿನ ಹತ್ತಿರ."

"ಓ, ಅಲ್ಲಿಂದಾನೂ ಬಿಡ್ತಾರಾ" ಎಂದು ಸೌತೆಕಾಯಿ ಕಚ್ಚಿದರು.

ಇದಕ್ಕೆ ಮುಂಚೆ, ಮಧ್ಯಾಹ್ನವೇ, ಗ್ರಹಚಾರ ವಕ್ರಿಸಿತ್ತು. ನಿದ್ದೆ ಮೇಷ್ಟ್ರ ಬಳಿ ಗಿರಣಿಯ ಬಗ್ಗೆ ಇನ್ನೂ ನಾಲ್ಕು ವಿವರ ಕೇಳಿದ್ದೆ, ವರದಿಗೆ ಬಣ್ಣ ಬೇಕಿತ್ತು. ಅವರು ನಕ್ಕುಬಿಟ್ಟರು. "ಗಿರಣಿ ಈಗೆಲ್ಲಿದೆಯಮ್ಮಾ! ನಾನು ಓದೋಕೆ ಬಂದಾಗ ಇತ್ತು. ಸೇತುವೇನೂ ಅಷ್ಟೇ, ಒಂದು ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಯ್ತು."

"ಮತ್ತೆ ಇದೆ ಅಂದ್ರಿ?"

"ಏನಿದೆ ಅಂತ ಕೇಳಿದೆ ನೀನು. ನನ್ನ ತಲೇಲಿ ಇದೆ."

ತತ್ವಶಾಸ್ತ್ರಕ್ಕೆ ಬೆಂಕಿ ಹಾಕ. ಇಲ್ಲದ ಸೇತುವೆಯನ್ನು ನಾನು ಎರಡು ಸಲ ದಾಟಿದ್ದೇನೆ, ಒದ್ದೆಯಾಗದೆ. ಈಗ ಬೇರೆ ದಾರಿಯಿಲ್ಲ: ಶನಿವಾರದ ಒಳಗೆ ನಿಜವಾಗಿ ಒಂದು ಸಲ ಹೋಗಿ, ಅಲ್ಲಿ ಏನಿದೆ ಏನಿಲ್ಲ ನೋಡಿಕೊಂಡು ಬರಬೇಕು. ಸುಳ್ಳು ಹೇಳಿದವಳಿಗೆ ಇರುವಷ್ಟು ಕೆಲಸ ನಿಜ ಹೇಳುವವರಿಗಿಲ್ಲ.

ಏಪ್ರಿಲ್ 17, ಗುರುವಾರ

ಮೊದಲು ಬೆಂಚಿಗೆ ಹೋದೆ. ಪರದೆ ಎಳೆದದ್ದು ನೋಡಿದೆ. ಮಲಗಿದ್ದಾಳೆ, ಪುಣ್ಯ, ಎಂದುಕೊಂಡು ಎದ್ದೆ. ಹಳ್ಳಿ ಬಸ್ಸು ಎಲ್ಲಿಂದ ಎಂದು ಗೈಡನ್ನು ಕೇಳಿದರೆ ಅವನು ನಮ್ಮ ಲಾಡ್ಜಿನತ್ತಲೇ ಬೆರಳು ತೋರಿಸಿದ: "ಅದರ ಹಿಂದಿನ ಗಲ್ಲಿ. ಅಡುಗೆಮನೆ ಬಾಗಿಲಿಗೇ ನಿಲ್ಲುತ್ತೆ."

ಅಲ್ಲಿಗೆ ಹೋಗಿ ಹತ್ತಿದೆ. ಬಸ್ಸು ಗಲ್ಲಿ ಬಿಟ್ಟು ಚೌಕ ಸುತ್ತಿ, ನನ್ನ ಬೆಂಚನ್ನು ಸವರಿಕೊಂಡೇ ಹೋಯಿತು. ನಿದ್ದೆ ಮೇಷ್ಟ್ರು ಒಬ್ಬರೇ ಗೊರಕೆ ಹೊಡೆಯುತ್ತಿದ್ದರು. ನನ್ನ ಜಾಗ ಖಾಲಿಯಿದ್ದುದು ನೋಡಿ ಏನೋ ಒಂಥರಾ ಆಯಿತು.

ಊರು ಮುಗಿದ ಮೇಲೆ ಹೊಲ. ಬರೆಯುವಂಥದ್ದೇನಿಲ್ಲ, ಆದರೆ ಉದ್ದಕ್ಕೂ ಹಸಿರು, ಗಾಳಿ ಬಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಕ್ಕಿನ ಬೆನ್ನು ಸವರಿದ ಹಾಗೆ ಮಲಗಿ ಏಳುತ್ತದೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ನಿಲ್ದಾಣ. ಒಂದು ದನದ ಕೊಟ್ಟಿಗೆ, ಮುಂದೆ ಹುಲ್ಲಿನ ರಾಶಿ. ರಾಶಿಯ ಮೇಲೆ ಒಬ್ಬ ಹೆಂಗಸು ಚಪ್ಪಲಿ ಬಿಚ್ಚಿ, ಕಾಲು ಚಾಚಿ, ಕೊಟ್ಟಿಗೆಯ ಯಜಮಾನಿಯ ಜೊತೆ ಹರಟುತ್ತಿದ್ದಳು. ಧ್ವನಿ ಬಸ್ಸಿನ ಇಂಜಿನ್ನನ್ನೂ ಮೀರಿ ಕೇಳುತ್ತಿತ್ತು. ಇದನ್ನೆಲ್ಲೋ ಕೇಳಿದ್ದೇನಲ್ಲ ಎಂದುಕೊಂಡೆ.

ಅತ್ತೆ!

ಅವರ ಪಕ್ಕ ನನ್ನ ಗಂಡ. ಅವನ ಮಡಿಲಲ್ಲಿ ನನ್ನ ಮಗು. ಟೋಪಿ ಇಲ್ಲ. ಸಾಕ್ಸ್ ಇಲ್ಲ. ಒಂದು ಕೈ ಕರುವಿನ ಕಿವಿಯಲ್ಲಿ. ಇನ್ನೊಂದು ಕೈ ಗಂಡ ಹಿಡಿದ ಬಟ್ಟಲಿನ ಅಂಚಿನಲ್ಲಿ. ಕುಡಿಯುತ್ತಿದ್ದಳು. ಬಟ್ಟಲಿನಿಂದ. ಗಟಗಟ. ಬಟ್ಟಲು ಇಳಿಸಿದಾಗ ಬಿಳಿ ಮೀಸೆ. ಕರುವಿನ ತಾಯಿ ಮೆಲುಕು ಹಾಕಿತು. ನನ್ನ ಮಗಳು ಅದರ ಮುಖ ನೋಡಿ, ಕಣ್ಣು ಅರೆ ಮುಚ್ಚಿ, ತಾನೂ ಹಾಕಿದಳು.

ಹಲ್ಲಂತೆ ಹಲ್ಲು.

ನಾನು ಎದ್ದು ನಿಂತೆ. ಕೂಗಬೇಕಾದದ್ದೆಲ್ಲ ಗಂಟಲಿನಲ್ಲಿ ಸಾಲಾಗಿ ನಿಂತಿತ್ತು. ಇಷ್ಟು ದಿನ ನಾನು ಒಂದು ಬಟ್ಟೆಯ ತುಂಡನ್ನು ಕಾಯ್ದಿದ್ದೇನೆ! ಕಂಡಕ್ಟರು, "ಇಳೀತೀರೇನಮ್ಮಾ? ಬೇಗ ಹೇಳಿ" ಎಂದ. ಅಷ್ಟರಲ್ಲಿ ಮೆಣಸು ನಕ್ಕಳು. ನನ್ನನ್ನು ನೋಡಿಯಲ್ಲ. ನಾನು ಅಲ್ಲಿದ್ದೇನೆಂದೇ ಅವಳಿಗೆ ಗೊತ್ತಿಲ್ಲ. ಕರುವಿನ ಬಾಲಕ್ಕೋ ಏನಕ್ಕೋ, ಇಡೀ ಮೈ ಕುಲುಕಿಸಿ.

"ಇಲ್ಲ, ಮುಂದಕ್ಕೆ" ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಇಳಿದರೆ ನಾನೂ ಬೆಂಚಿನ ವಿಷಯ ಹೇಳಬೇಕಾಗುತ್ತಿತ್ತು ಎಂಬುದು ಒಂದು. ಮೊದಲು ಉರಿಯಿತು, ಆಮೇಲೆ ಸ್ವಲ್ಪ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಮುದುಕಿ, "ತವರಿಂದ ಬರ್ತಾ ಇದೀಯಾ?" ಎಂದಳು. ಹೂಂ ಎಂದೆ. ಈಚೆಗೆ ಸುಳ್ಳು ಸರಾಗ.

ಕೊನೆಯ ನಿಲ್ದಾಣದಲ್ಲಿ ಏನೂ ಇಲ್ಲ. ಒಂದು ಮುಚ್ಚಿದ ಅಂಗಡಿ, ಒಂದು ನಾಯಿ, ಒಂದು ಕೈಪಂಪು. ಬಾಯಾರಿತ್ತು, ಬಾಟಲಿ ಬೆಂಚಿನ ಮೇಲೇ ಮರೆತಿದ್ದೆ, ಪಂಪು ಒತ್ತಿ ಬೊಗಸೆಯಲ್ಲಿ ಕುಡಿದೆ. ತಣ್ಣಗಿತ್ತು. ಆಮೇಲೆ ಬಸ್ಸು ಹೊರಡುವವರೆಗೆ ಹಿಂದಿನ ಸೀಟಿನಲ್ಲಿ ಅಡ್ಡಾದೆ. ಕಂಡಕ್ಟರು ಎಬ್ಬಿಸಿದಾಗ ಊರಿನ ಚೌಕ ಬಂದಿತ್ತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಇವತ್ತು ಏನು ನೋಡಿದ್ಯೇ?" ಎಂದರು.

"ಕೊನೇ ಸ್ಟಾಪಿನವರೆಗೂ ಹೋಗಿದ್ದೆ."

ಗಂಡನ ಚಮಚ ನಿಂತಿತು. "ಅದೇ ಬಸ್ಸಲ್ಲಾ?"

"ಯಾವ ಅದೇ?"

"ಅಲ್ಲ... ಬಸ್ಸಲ್ಲಿ."

"ಮೆಣಸು ಏನು ಮಾಡಿದ್ಲು?"

"ಮಲಗಿದ್ಲು!" ಇಬ್ಬರೂ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ.

ಕೇಳಬಹುದಿತ್ತು. ಕೇಳಿದರೆ ಹೇಳಿಬಿಡುತ್ತಾರೆ, ಇಬ್ಬರಿಗೂ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೇಳಿದರೆ ನಾನು ಬೇಡ ಎನ್ನಲೇಬೇಕು. ಬೇಡ ಎಂದರೆ ನಿಲ್ಲಿಸುತ್ತಾರೆ. ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡೆ.

ಏಪ್ರಿಲ್ 18, ಶುಕ್ರವಾರ

ಬೆಳಿಗ್ಗೆ ಹೊರಡುವಾಗ ಮಗುವಿನ ಟೋಪಿಯನ್ನು ಬಾಗಿಲ ಹತ್ತಿರ, ಕಣ್ಣಿಗೆ ಹೊಡೆಯುವ ಹಾಗೆ ಇಟ್ಟು ಬಂದೆ.

ಬೆಂಚಿನ ಮೇಲೆ ಮೇಷ್ಟ್ರು, "ಇವತ್ತು ಕಿಟಕಿ ಕಡೆ ನೋಡ್ತಾನೇ ಇಲ್ವಲ್ಲಮ್ಮಾ?" ಎಂದರು. ಅಲ್ಲಿ ಯಾರೂ ಇಲ್ಲ ಸಾರ್ ಎಂದೆ. "ನಾನು ಆ ತೀರ್ಮಾನಕ್ಕೆ ಬರೋ ಹೊತ್ತಿಗೆ ರಿಟೈರ್ ಆಗಿದ್ದೆ" ಎಂದು ಅತ್ತ ತಿರುಗಿ ಮಲಗಿದರು. ನಾನು ಇತ್ತ ತಿರುಗಿ.

ಏಪ್ರಿಲ್ 19, ಶನಿವಾರ

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. ಕೋಣೆಯಲ್ಲಿ ಎಲ್ಲರೂ ಇದ್ದರು. ಅತ್ತೆ ಬಟ್ಟೆ ಮಡಿಸುವ ನಾಟಕ ಮಾಡುತ್ತ ಒಂದೇ ಲಂಗವನ್ನು ಮತ್ತೆ ಮತ್ತೆ ಮಡಿಸುತ್ತಿದ್ದರು.

"ಏನು ನಿರ್ಧಾರ ಮಾಡ್ದೆ?" ಎಂದರು ಮೇಡಂ.

"ಸೋಮವಾರ ಬರ್ತೀನಿ."

"ಮಗು ಬಿಟ್ಟಿರುತ್ತಾ?"

"ಅವಳಿಗೇನು, ಆರಾಮಾಗಿ ಇರ್ತಾಳೆ."

"ನೀನು?"

"ನಂಗೆ ಸ್ವಲ್ಪ ಅಭ್ಯಾಸ ಬೇಕು ಮೇಡಂ. ಮೊದಲ ದಿನ ಫೋನ್ ಮಾಡಿ ಮಾಡಿ ಮನೆಯವರ ಪ್ರಾಣ ತೆಗೀಬಹುದು."

ಫೋನ್ ಇಟ್ಟೆ. ಗಂಡ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಸರಿ ಹಾಗಾದ್ರೆ, ಎಲ್ಲರೂ ಹೊರಡೋಣ. ಗಿರಣಿ ತೋರಿಸ್ತೀಯಲ್ಲ?" ಎಂದ.

"ನೀವೇ ಹೋಗಿ ಬನ್ನಿ. ಹಿಂದಿನ ಗಲ್ಲಿ ಬಸ್ಸಿಗೆ ಹೊತ್ತಾಯ್ತು. ಕೊನೇ ದಿನ, ಆ ಕರುವಿಗೆ ಹೇಳಿ ಬರಬೇಡ್ವಾ?"

"ಯಾವ ಕರು?" ಎಂದರು ಅತ್ತೆ. ಅವರ ಗಂಟಲಿಗೆ ಲಾಡ್ಜಿನಾಕೆ ಮೇಲೆ ಓಡಿಬಂದಳು. ಆಕೆಯೇ ಬಾಗಿಲಲ್ಲಿ ನಿಂತು ನಕ್ಕದ್ದು ಮೊದಲು. ಆಮೇಲೆ ಅತ್ತೆ. ಗಂಡ ಮಾತ್ರ ಗೋಡೆ ನೋಡುತ್ತಿದ್ದ.

"ಹಾಲು ಕಾಯಿಸೇ ಕೊಟ್ಟಿದ್ದು" ಎಂದ. "ನಾನೇ ನಿಂತು ಕಾಯಿಸ್ದೆ. ಪ್ರತಿ ದಿನ."

"ಗೊತ್ತಿತ್ತಾ ನಿಮಗೆ? ನಾನು ಬೆಂಚಲ್ಲಿ ಇರ್ತೀನಿ ಅಂತ?"

"ಮೊದಲ ದಿನವೇ ಕಣೇ" ಎಂದರು ಅತ್ತೆ. "ಪರದೆ ಎಳೆದು ಮಲಗಿಸೋಕೆ ಹೋದ್ರೆ ಇವಳು ಕೋಣೇಲಿ ಕಿರುಚಿ ಕಿರುಚಿ ನೀಲಿ ಆದ್ಲು. ಬಸ್ಸಲ್ಲಿ ಕೂರಿಸಿದ್ರೆ ಸುಮ್ಮನಾಗ್ತಾಳೆ ಅಂತ ಇವನು ಹತ್ತಿಸ್ದ. ಬಸ್ಸು ಚೌಕ ಸುತ್ತುತ್ತೆ, ನೋಡ್ತೀವಿ, ನೀನು! ಇವನು ಇಳೀತೀನಿ ಅಂದ. ಸುಮ್ಮನೆ ಕೂತ್ಕೋ ಅಂದೆ. ಬರ್ತಾ ಬರ್ತಾ ನೀನು ಬಾಯಿ ತೆರ್ಕೊಂಡು ಮಲಗಿರ್ತಿದ್ದೆ. ಬಸ್ಸು ಅಲ್ಲಿಗೆ ಬಂದ್ರೆ ಸಾಕು, ಇವನು ಮೆಣಸಿಗೆ ಹೇಳೋನು, ಶ್... ಅಮ್ಮ ಮಲಗಿದಾಳೆ, ಸದ್ದು ಮಾಡ್ಬೇಡ ಅಂತ. ಕೇಳ್ತಿದ್ಲು ಕಣೇ ಪಾಪ. ಬೆರಳು ಬಾಯಿ ಮೇಲೆ ಇಟ್ಕೊಂಡು ದಾಟೋಳು."

"ಟೋಪಿ ಹಾಕಿ" ಎಂದೆ.

ಹೋದರು. ಮೆಟ್ಟಿಲಿಳಿಯುವಾಗ ಅವಳು ಅಪ್ಪನ ಹೆಗಲ ಮೇಲಿಂದ ನನ್ನತ್ತ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಆಕಳಿಸಿದಳು. ತಿರುವಿನಲ್ಲಿ ಮರೆಯಾದಳು. ಅತ್ತೆಯ ಧ್ವನಿ ಮಾತ್ರ ಗಲ್ಲಿಯವರೆಗೂ ಇಳಿದುಹೋಯಿತು: ಬಸ್ಸು ಬಂತು, ನಿಂತಿತು, ಜಾಗವಿದೆ, ಹೊರಟಿತು.

ಹಾಸಿಗೆ ಪೂರ್ತಿ ಖಾಲಿ. ಹತ್ತಿಯದೇ, ಒತ್ತಿ ನೋಡಿದೆ. ಅಡ್ಡಡ್ಡ ಮಲಗುತ್ತೇನೆ. ಇದನ್ನು ಬರೆಯುತ್ತ ಕೂತರೆ ಇರುವ ಹೊತ್ತೂ ದಂಡ.